ಬೇಸಿಗೆಯಲ್ಲೂ ಹರಿಯುವ ರಾಜಕಾಲುವೆ

ಬೆಂಗಳೂರಿನ ಸರ್ಜಾಪುರ ರಸ್ತೆಯ ಹಾರ್ನ್‌ಗಳನ್ನು ಬೆನ್ನಿಗೆ ಬಿಟ್ಟು, ಅಪಾರ್ಟ್‌ಮೆಂಟುಗಳ ಹಿಂಬದಿಯ ಓಣಿಗೆ ಇಳಿಯಿರಿ. ಏಪ್ರಿಲ್ ತಿಂಗಳು, ಬೆಳಗಿನ ಎಂಟು ಗಂಟೆ. ಕಾಲುವೆ ಮೊದಲು ಸಿಗುವುದು ಮೂಗಿಗೆ, ಆಮೇಲೆ ಕಣ್ಣಿಗೆ.

ಅದರ ಮೇಲೊಂದು ಕಾಲುಸೇತುವೆ. ಇಬ್ಬರು ಎದುರಾದರೆ ಒಬ್ಬರು ಮೈ ಓರೆ ಮಾಡಲೇಬೇಕು. ಮನೆಗೆಲಸಕ್ಕೆ ಹೊರಟ ಹೆಂಗಸರು ತೆಲುಗು ಬೆರೆತ ಕನ್ನಡದಲ್ಲಿ ಮಾತಾಡುತ್ತಾ ದಾಟುತ್ತಾರೆ. ಕೊರಳಲ್ಲಿ ಐಡಿ ಕಾರ್ಡು ತೂಗಿಸಿಕೊಂಡ ಹುಡುಗ ಮೂಗು ಮುಚ್ಚಿ ಓಡುತ್ತಾನೆ. ಡೆಲಿವರಿಯವನು ಬೈಕನ್ನು ತಳ್ಳುತ್ತಲೇ ಬರುತ್ತಾನೆ. ನೀವು ಕಂಬಿಗೆ ಅಂಟಿಕೊಳ್ಳಿ.

ಹಾಗೇ ಬಗ್ಗಿ ನೋಡಿ. ಕಪ್ಪು ನೀರು, ಮೇಲೆ ಸೋಪಿನ ನೊರೆ. ಮಳೆ ಹುಯ್ದು ತಿಂಗಳುಗಳಾದವು, ಕಾಲುವೆ ಮಾತ್ರ ಹರಿಯುತ್ತಲೇ ಇದೆ. ರಾಜಕಾಲುವೆಯ ಕಸುಬು ಮಳೆಗಾಲದ್ದು: ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರನ್ನು ಕೆಳಗಿನ ಕೆರೆಗೆ ಮುಟ್ಟಿಸುವುದು. ಬೇಸಿಗೆಯಲ್ಲಿ ಅದು ಒಣಗಬೇಕು, ದನವೂ ಜನವೂ ತಳದಲ್ಲೇ ದಾಟಬೇಕು. ಈಗ ಹರಿಯುತ್ತಿರುವುದು ಮನೆಗಳ ಕೊಳಚೆ. ವರ್ಷವಿಡೀ ಸೇತುವೆ ಬೇಕಾದದ್ದು ಅದಕ್ಕೇ.

ಇದೇ ರಸ್ತೆಯ ನಗರದ ತುದಿಗೆ ಅಗರವಿದೆ. ಅಲ್ಲಿನ ಗಂಗರ ಕಾಲದ ಶಾಸನ, ಸುಮಾರು ಕ್ರಿ.ಶ. 870ರದ್ದು, ಕೆರೆಗಳಿಗೆ ತೂಬು ಇಡಿಸಿ ಹೊಸ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅಗರದ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ. ಈ ಕೆರೆಗಳಿಂದ ಗದ್ದೆಗೆ ನೀರು ಬಿಡುವ ಹೊಣೆ ಊರಿನ ನೀರುಗಂಟಿಯದಾಗಿತ್ತು. ಗದ್ದೆ ಹೋಯಿತು, ನೀರುಗಂಟಿಯೂ ಹೋದ. 2018ರಿಂದ ಕೆ.ಸಿ. ವ್ಯಾಲಿ ಯೋಜನೆ ಈ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ, ಪಂಪು ಮಾಡಿ, ಕೋಲಾರದ ಕೆರೆಗಳಿಗೆ ಏರಿಸುತ್ತಿದೆ. ನಿಮ್ಮ ಕಾಲಡಿಯ ನೀರಿಗೆ ಇನ್ನೂ ಆ ಭಾಗ್ಯವಿಲ್ಲ.

ಸೇತುವೆಯ ಅಡಿಯ ಪೈಪುಗಳನ್ನು ಗಮನಿಸಿ. ಪ್ಲಾಸ್ಟಿಕ್ ಚೀಲ, ಹರಿದ ಬಟ್ಟೆ, ತೆಂಗಿನ ಗರಿ ಅಲ್ಲಿ ತೊಡರಿಕೊಂಡಿವೆ. ಹಿಂದಿನ ಮಳೆಯ ನೀರು ಎಷ್ಟು ಏರಿತ್ತೆಂದು ಅವೇ ಹೇಳುತ್ತವೆ. 2022ರ ಸೆಪ್ಟೆಂಬರಿನಲ್ಲಿ ಈ ರಸ್ತೆಯ ಬಡಾವಣೆಗಳು ಮುಳುಗಿದಾಗ ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. ಒತ್ತುವರಿಯಿಂದ ಕಾಲುವೆ ಕಿರಿದಾಗಿತ್ತು. ಉಳಿದ ಜಾಗದಲ್ಲೂ ಕೊಳಚೆ, ಹೂಳು.

ತಡೆಗೋಡೆ ಎತ್ತರಿಸಿದ ಮಾತ್ರಕ್ಕೆ ಈ ಸಮಸ್ಯೆ ಬಗೆಹರಿಯದು. ಕೊಳಚೆ ಬೇರೆ ದಾರಿ ಹಿಡಿಯಬೇಕು. ಈ ಕಾಲುವೆ ಸರಿಹೋಯಿತೆನ್ನಲು ಯಾವ ವರದಿಯೂ ಬೇಡ. ಮುಂದೊಂದು ಏಪ್ರಿಲ್‌ನಲ್ಲಿ ಜನ ಸೇತುವೆ ಬಿಟ್ಟು ತಳದಲ್ಲೇ ನಡೆದು ದಾಟುವಂತಾದರೆ ಸಾಕು.