ಅಣ್ಣನ ಕಾಫಿಗೆ ಹಾಕಿದ ಮೂರು ಮಾತ್ರೆಗಳು

ಹತ್ತನೆಯ ತರಗತಿಯ ರಸಾಯನಶಾಸ್ತ್ರದ ಪಾಠ ಶುಷ್ಕವಾಗತೊಡಗಿದಾಗಲೆಲ್ಲ ನಾನು ಸ್ಯಾಕರಿನ್ನಿನ ಕಥೆ ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕಲ್ಲಿದ್ದಲಿನ ಡಾಂಬರಿನಿಂದ ಪಡೆದ ವಸ್ತುಗಳ ಮೇಲೆ ಕೆಲಸ ಮಾಡುತ್ತಿದ್ದ ಫಾಲ್‌ಬರ್ಗ್ ಎಂಬ ವಿಜ್ಞಾನಿ ಕೈ ತೊಳೆಯದೆ ಊಟಕ್ಕೆ ಕುಳಿತನಂತೆ. ಮುರಿದ ಬ್ರೆಡ್ಡು ವಿಪರೀತ ಸಿಹಿ! ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿಯಾದ ಸ್ಯಾಕರಿನ್ ಹೀಗೆ ಪತ್ತೆಯಾಯಿತು. "ಆದ್ದರಿಂದ ಮಕ್ಕಳೇ, ಪ್ರಯೋಗಾಲಯದಿಂದ ಹೊರಡುವಾಗ ಕೈ ತೊಳೆಯಬೇಕು" ಎಂದು ನಾನು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ, "ತೊಳೆದಿದ್ದರೆ ಕಂಡುಹಿಡೀತಾನೇ ಇರ್ಲಿಲ್ವಲ್ಲ ಸಾರ್" ಎಂಬ ಉತ್ತರ ಬರುತ್ತಿತ್ತು. ಯಾವ ವರ್ಷವೂ ಈ ಉತ್ತರ ತಪ್ಪಿದ್ದಿಲ್ಲ.

ಆ ಕಥೆ ನನ್ನ ಜೇಬಿಗೇ ಬಂದು ಸೇರಿದ್ದು ನಿವೃತ್ತಿಗೆ ನಾಲ್ಕು ವರ್ಷ ಮೊದಲು, ನನಗೆ ಮಧುಮೇಹ ಪತ್ತೆಯಾದಾಗ. ನಾನು ತಂದುಕೊಂಡದ್ದು ಸ್ಯಾಕರಿನ್ ಅಲ್ಲ, ಅದರ ತಮ್ಮನೆನ್ನಬಹುದಾದ ಆಸ್ಪರ್ಟೇಮ್. ಒತ್ತಿದರೆ ಒಂದೊಂದೇ ಮಾತ್ರೆ ಉದುರುವ ಪುಟ್ಟ ಡಬ್ಬಿ. ಮದುವೆಮನೆಗಳಲ್ಲಿ ಸಕ್ಕರೆಯಿಲ್ಲದ ಕಾಫಿ ಕೇಳಿ ಪಡೆದು, ನಾಲ್ಕು ಜನ ನೋಡುವಂತೆ ಡಬ್ಬಿ ಒತ್ತುವುದರಲ್ಲಿ ನನಗೆ ಸ್ವಲ್ಪ ಜಂಭವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಬಂಧುಗಳದು ಒಂದೇ ಪ್ರಶ್ನೆ: "ಅದರಿಂದ ಕ್ಯಾನ್ಸರ್ ಬರುತ್ತಂತಲ್ಲ?" ಈ ಭಯಕ್ಕೆ ಮೂಲವಿಲ್ಲದಿಲ್ಲ. 1970ರ ದಶಕದಲ್ಲಿ ಭಾರೀ ಪ್ರಮಾಣದಲ್ಲಿ ಸ್ಯಾಕರಿನ್ ತಿನ್ನಿಸಿದ ಇಲಿಗಳ ಮೂತ್ರಕೋಶದಲ್ಲಿ ಗಡ್ಡೆಗಳು ಕಂಡವು. ಇಲಿಗಳಲ್ಲಿ ಅದು ಉಂಟಾಗುವ ಬಗೆ ಮನುಷ್ಯರಿಗೆ ಅನ್ವಯಿಸುವುದಿಲ್ಲವೆಂದು ಮುಂದೆ ತಿಳಿದು, 2000ದಲ್ಲಿ ಅಮೆರಿಕ ಡಬ್ಬಿಗಳ ಮೇಲಿನ ಎಚ್ಚರಿಕೆಯನ್ನು ತೆಗೆಸಿತು. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಆಸ್ಪರ್ಟೇಮನ್ನು 'ಕ್ಯಾನ್ಸರ್‌ಕಾರಕವಾಗಿರಬಹುದಾದ' ವಸ್ತುಗಳ ಪಟ್ಟಿಗೆ ಸೇರಿಸಿತು. ಪುರಾವೆ ಸೀಮಿತವೆಂದೂ ಹೇಳಿತು. ಅದೇ ದಿನ ಆಹಾರ ಸುರಕ್ಷತೆಯ ತಜ್ಞರ ಸಮಿತಿ, ದಿನಕ್ಕೆ ದೇಹತೂಕದ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಲು ಕಾರಣವಿಲ್ಲವೆಂದಿತು. 60 ಕಿಲೋ ತೂಗುವ ನನ್ನಂಥವನಿಗೆ ಅದು 2400 ಮಿಲಿಗ್ರಾಂ. ನನ್ನ ಡಬ್ಬಿಯ ಒಂದು ಮಾತ್ರೆಯಲ್ಲಿರುವುದು ಇಪ್ಪತ್ತರ ಆಸುಪಾಸು. ಲೆಕ್ಕ ನೀವೇ ಮಾಡಿ, ಅಷ್ಟು ಕಾಫಿ ಕುಡಿದರೆ ಕಾಫಿಯೇ ನನ್ನನ್ನು ಮುಗಿಸೀತು. ಫೀನೈಲ್‌ಕೀಟೋನೂರಿಯ ಎಂಬ ಹುಟ್ಟು ಕಾಯಿಲೆಯವರು ಮಾತ್ರ ಆಸ್ಪರ್ಟೇಮನ್ನು ಮುಟ್ಟಬಾರದು.

ನನ್ನ ಅನುಭವದಲ್ಲಿ ಮೋಸವಿರುವುದು 'ಶುಗರ್ ಫ್ರೀ' ಎಂಬ ಚೀಟಿಯಲ್ಲಿ. ಒಂದು ದೀಪಾವಳಿಗೆ ಮಗಳು ಸಕ್ಕರೆರಹಿತ ಮೈಸೂರುಪಾಕು ತಂದಳು. ಸಕ್ಕರೆಯಿಲ್ಲವಲ್ಲ ಎಂಬ ಧೈರ್ಯದಿಂದ ಐದು ತುಂಡು ತಿಂದೆ. ಕಡಲೆಹಿಟ್ಟು ಎಲ್ಲಿಗೆ ಹೋಯಿತು, ತುಪ್ಪ ಎಲ್ಲಿಗೆ ಹೋಯಿತು? ಮರುದಿನ ಗ್ಲೂಕೋಮೀಟರು ಹೇಳಿತು. ಸಕ್ಕರೆಯ ತುಂಡಾಗಿದ್ದರೆ ಹೆದರಿಕೆಯಿಂದ ಅರ್ಧಕ್ಕೇ ನಿಲ್ಲಿಸುತ್ತಿದ್ದೆ!

ಇದಿಷ್ಟೂ ಪೀಠಿಕೆ. ಹೇಳಬೇಕೆಂದು ಕುಳಿತದ್ದು ಬೇರೆ.

ಕಳೆದ ವರ್ಷ ಸೋದರಳಿಯನ ಮನೆಯ ಗೃಹಪ್ರವೇಶ. ಅಣ್ಣನಿಗೆ 74 ವರ್ಷ, ಇನ್ಸುಲಿನ್ ತೆಗೆದುಕೊಳ್ಳುತ್ತಾನೆ. ಬೆಳಿಗ್ಗೆ ಚುಚ್ಚಿಕೊಂಡು ಎರಡು ಇಡ್ಲಿ ತಿಂದು ಬಂದಿದ್ದ. ಪೂರ್ಣಾಹುತಿ ತಡವಾಯಿತು, ಎರಡು ಗಂಟೆಯಾದರೂ ಎಲೆ ಹಾಕಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದವನು ನನ್ನನ್ನು ಕರೆದು, "ಯಾಕೋ ಸುಸ್ತಾಗ್ತಿದೆ ಕಣೋ, ಒಂದು ಲೋಟ ಕಾಫಿ ತಾ" ಎಂದ. ಹಣೆಯಲ್ಲಿ ಬೆವರು, ಬೆರಳುಗಳಲ್ಲಿ ನಡುಕ. ನಾನು ಓಡಿಹೋಗಿ ಸಕ್ಕರೆಯಿಲ್ಲದ ಕಾಫಿ ತಂದು, ನನ್ನ ಜೇಬಿನ ಡಬ್ಬಿಯಿಂದ ಮೂರು ಮಾತ್ರೆ ಉದುರಿಸಿ ಕದಡಿ ಕುಡಿಸಿದೆ. ಎರಡು ಸಾಲದೆಂದು ಮೂರು! ಮೂವತ್ತು ವರ್ಷ ವಿಜ್ಞಾನ ಬೋಧಿಸಿದ ಕೈ ಅದು.

ಹತ್ತು ನಿಮಿಷದ ಮೇಲೆ ಅವನ ಮಾತು ತೊದಲತೊಡಗಿತು. ನನ್ನನ್ನು ತೀರಿಹೋದ ನಮ್ಮ ಚಿಕ್ಕಪ್ಪನ ಹೆಸರಿನಿಂದ ಕರೆದ. ಯಾರೋ ತುಪ್ಪದ ಲಾಡು ತಂದರು. ಅಷ್ಟರಲ್ಲಿ ಗುಂಪಿನಿಂದ ಒಬ್ಬಾಕೆ ಮುಂದೆ ಬಂದು, "ಸಾರ್, ಕಾಫಿಗೆ ಸಕ್ಕರೆ ಹಾಕಿದ್ರಾ?" ಎಂದು ಕೇಳಿದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ದಾದಿ. ನಾನು ಡಬ್ಬಿ ತೋರಿಸಿದೆ. ಆಕೆ ಏನೂ ಅನ್ನಲಿಲ್ಲ. ಅಣ್ಣನ ಚೀಲದಲ್ಲಿದ್ದ ಗ್ಲೂಕೋಮೀಟರಿನಿಂದ ಪರೀಕ್ಷಿಸಿದಳು: 52. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ. ಲಾಡು ಬೇಡ, ತುಪ್ಪವಿದ್ದರೆ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ ಎಂದು ಹೇಳಿ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದಳು. ಹದಿನೈದು ನಿಮಿಷಕ್ಕೆ ಮತ್ತೆ ನೋಡಿದಾಗ 88. ಅಣ್ಣ ಕಣ್ಣರಳಿಸಿ, "ಎಲೆ ಹಾಕಿದ್ರಾ?" ಎಂದ.

ನಾಲಿಗೆಗೆ ಸಿಹಿಯಾದದ್ದೆಲ್ಲ ರಕ್ತಕ್ಕೆ ಸಕ್ಕರೆಯಾಗುವುದಿಲ್ಲ; ಆ ಮಾತ್ರೆಯ ಗುಣವೇ ಅದು, ಆ ಗುಣಕ್ಕಾಗಿಯೇ ನಾನದನ್ನು ಕೊಂಡದ್ದು. ಕಾಫಿಯ ಹಾಲಿನಲ್ಲಿದ್ದ ಸಕ್ಕರೆಯ ಅಂಶ ಆ ಹೊತ್ತಿಗೆ ಏನೇನೂ ಸಾಲದು. ಹೊರಡುವಾಗ ಆಕೆ ಇನ್ನೊಂದು ಮಾತು ಹೇಳಿದಳು: "ಜ್ಞಾನ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು ಸಾರ್, ಶ್ವಾಸನಾಳಕ್ಕೆ ಹೋಗುತ್ತೆ. ನೇರ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು." ತಲೆತಗ್ಗಿಸಿ ಕೇಳಿಸಿಕೊಂಡೆ. ಆಕೆಯ ಉತ್ತರಪತ್ರಿಕೆಗೆ ನಾನು ಎಷ್ಟು ಅಂಕ ಕೊಡುತ್ತಿದ್ದೆನೋ ನೆನಪಿಲ್ಲ.

ಡಬ್ಬಿ ಈಗಲೂ ನನ್ನ ಜೇಬಿನಲ್ಲಿದೆ, ಕಾಫಿಗೆ ಒಂದು ಮಾತ್ರೆಗಿಂತ ಹೆಚ್ಚು ಹಾಕುವುದಿಲ್ಲ. ಅಣ್ಣನ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣವಿರುತ್ತದೆ. ಅತ್ತಿಗೆ ಅದರ ಮೇಲೆ ಕೆಂಪು ಶಾಯಿಯಲ್ಲಿ 'ನಿಜವಾದ ಸಕ್ಕರೆ' ಎಂದು ಬರೆದಿಟ್ಟಿದ್ದಾರೆ. ಅದನ್ನು ಬರೆದದ್ದು ನನಗಾಗಿಯೇ ಎಂದು ನನ್ನ ಅನುಮಾನ.