ಜೊಳ್ಳಿನೊಳಗಣ ಕಾಳು

ಆಡಿದ ಮಾತಿಗೆ ಪ್ರಮಾಣ ಸಾಲದೆ ಹೋದಾಗ "ಎದೆಯನ್ನು ಬಗೆದು ತೋರಿಸಲೇ?" ಎಂದು ಕೇಳುವುದು ಕನ್ನಡ ಜನರಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಎದೆಯನ್ನು ಬಗೆದು ಒಳಗಣ ಶ್ರೀರಾಮನನ್ನು ತೋರಿಸಿದ ಆಂಜನೇಯನ ಪಟವು ಮನೆಗಳ ಗೋಡೆಯ ಮೇಲೂ ಗರಡಿಗಳ ಬಾಗಿಲಿನ ಮೇಲೂ ಕಾಣಬರುತ್ತದೆ. ಆಗದ ಕೆಲಸವೆಂದು ಹೇಳುವವನಿಗೂ ಕೇಳುವವನಿಗೂ ತಿಳಿದಿರುವುದರಿಂದಲೇ ಆ ಮಾತಿಗೆ ಅಷ್ಟು ಬಲ. ಆದರೆ ಬದುಕಿರುವ ಮನುಷ್ಯನ ಎದೆಯ ಒಳಗನ್ನು ಒಂದು ಗೀರೂ ಇಲ್ಲದೆ ನೋಡುವುದು ಈಗ ಆಸ್ಪತ್ರೆಗಳಲ್ಲಿ ದಿನನಿತ್ಯದ ಕೆಲಸವಾಗಿದೆ. ನೋಡುವ ಕೆಲಸ ಹೀಗೆ ಸುಲಭವಾದಮೇಲೆ, ನೋಡಿದುದರಲ್ಲಿ ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯು ಮೊದಲಿಗಿಂತ ಕಠಿನವಾಗಿ ಎದುರು ನಿಂತಿದೆ.

ಪಟ್ಟಣವೊಂದರ ಹೃದ್ರೋಗವೈದ್ಯರ ಮುಂದೆ ಒಂದು ಸಂಜೆ 52 ವರ್ಷ ವಯಸ್ಸಿನ ಉಪಾಧ್ಯಾಯರೊಬ್ಬರು ಪತ್ನೀಸಮೇತರಾಗಿ ಬಂದು ಕುಳಿತಿದ್ದರು. ಶಾಲೆಯ ಮಹಡಿಯ ಮೆಟ್ಟಿಲನ್ನು ಏರುವಾಗ ಎರಡು ಮೂರು ಬಾರಿ ಅವರಿಗೆ ಎದೆ ಬಿಗಿಹಿಡಿದಂತಾಗಿದ್ದಿತು. ಅಂದು ಬೆಳಗ್ಗೆ ಹೃದಯದ ಸಿ.ಟಿ. ಚಿತ್ರ ತೆಗೆಸಿದ್ದಾಗಿತ್ತು. ವೈದ್ಯರು ಪರದೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಿದ್ದಾಗ ಆ ತಾಯಿಯು ಮೆಲ್ಲನೆ, "ನಮ್ಮ ಮಾವನವರಿಗೂ ಹೀಗೇ ಆಗಿ, ಡಾಕ್ಟ್ರೇ..." ಎಂದು ಏನನ್ನೋ ಹೇಳತೊಡಗಿದರು. ವೈದ್ಯರು ಪರದೆಯಿಂದ ಕಣ್ಣು ತೆಗೆಯದೆ "ಹೂಂ" ಎಂದರು. ಆಕೆಯ ಮಾತು ಅಲ್ಲಿಗೇ ನಿಂತಿತು. ಸ್ವಲ್ಪ ಹೊತ್ತಾದಮೇಲೆ ವೈದ್ಯರು ನಗುಮೊಗದಿಂದ ತಿರುಗಿ, "ನಾಳಗಳೆಲ್ಲ ತೆರೆದಿವೆ, ಮೇಷ್ಟ್ರೇ. ಎಲ್ಲಿಯೂ ಕಟ್ಟಿಲ್ಲ. ಏನೂ ಇಲ್ಲ, ಧೈರ್ಯವಾಗಿರಿ" ಎಂದರು. ದಂಪತಿಗಳು ಕೈಮುಗಿದು ಹೊರಟುಹೋದರು. ಆದರೆ "ಏನೂ ಇಲ್ಲ" ಎಂಬ ಆ ಎರಡು ಪದಗಳು ವೈದ್ಯರ ಮನಸ್ಸಿನಲ್ಲಿ ಉಳಿದುಕೊಂಡವು. ಅವು ಎಷ್ಟರಮಟ್ಟಿಗೆ ನಿಜ ಎಂದು ಅವರು ರಾತ್ರಿಯೆಲ್ಲ ಯೋಚಿಸಿದರು. ಹಾಗೆ ಯೋಚಿಸುವುದಕ್ಕೆ ಕಾರಣವೂ ಇದ್ದಿತು.

1895ರಲ್ಲಿ ಜರ್ಮನಿಯ ರಾಂಟ್‌ಗೆನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುಹಿಡಿದಾಗ ಬದುಕಿರುವವನ ಮೂಳೆಯ ನೆರಳು ಮೊದಲಬಾರಿಗೆ ಕಣ್ಣಿಗೆ ಬಿದ್ದಿತು. ನೆರಳಿನಲ್ಲಾದರೋ ಹಿಂದಿನದು ಮುಂದಿನದು ಎಂಬ ಭೇದವಿಲ್ಲ. ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಇಂಗ್ಲೆಂಡಿನ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರು ಕಿರಣವನ್ನು ದೇಹದ ಸುತ್ತಲೂ ಹಲವು ದಿಕ್ಕುಗಳಿಂದ ಹಾಯಿಸಿ, ಎಲ್ಲಿ ಎಷ್ಟು ಹೀರಲ್ಪಟ್ಟಿತೆಂದು ಅಳೆದು, ಆ ಅಳತೆಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದಂತೆ ದೇಹದ ಹೋಳುಗಳನ್ನು ಚಿತ್ರದಲ್ಲಿ ತೋರಿಸಿದನು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಈ ಬಗೆಯಾಗಿ ಒಬ್ಬ ರೋಗಿಯ ಮಿದುಳನ್ನು ನೋಡಲಾಯಿತು. ಅದೇ ಗಣಿತವನ್ನು ಬೇರೆಯಾಗಿ ಸಾಧಿಸಿದ್ದ ಅಲನ್ ಕಾರ್ಮ್ಯಾಕನೊಡನೆ ಹೌನ್ಸ್‌ಫೀಲ್ಡನಿಗೆ 1979ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಅವನ ಹೆಸರಿನ ಅಳತೆಯಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ 1000 ಕೆಳಗೆ. ಕೊಬ್ಬು ಸೊನ್ನೆಯ ಕೆಳಗೆ ನಿಲ್ಲುತ್ತದೆ, ಮೂಳೆ ಮತ್ತು ಸುಣ್ಣ ನೂರಾರು ಮೇಲಕ್ಕೆ ಏರುತ್ತವೆ. ಆದಕಾರಣ ಸಿ.ಟಿ. ಚಿತ್ರವೆಂಬುದು ನಿಜವಾಗಿ ಸಂಖ್ಯೆಗಳ ಒಂದು ಹೊಲ. ಮನುಷ್ಯನ ಕಣ್ಣಿಗೆ ಅನುಕೂಲವಾಗಲೆಂದು ಅದನ್ನು ಕಪ್ಪು, ಬೂದು, ಬಿಳುಪುಗಳಾಗಿ ಬಣ್ಣಿಸಿರುತ್ತಾರೆ.

ಹೃದಯವು ಸುಮ್ಮನಿರುವ ಅಂಗವಲ್ಲವಾದುದರಿಂದ ಅದರ ಚಿತ್ರವನ್ನು ಬಡಿತ ಬಡಿತಗಳ ನಡುವಣ ವಿಶ್ರಾಂತಿಯ ಗಳಿಗೆಯನ್ನು ಕಾದು ತೆಗೆಯಬೇಕು. ಹೃದಯಕ್ಕೇ ರಕ್ತವನ್ನು ಉಣಿಸುವ ಪರಿಧಮನಿಗಳ ಅಗಲವು ಕೆಲವೇ ಮಿಲಿಮೀಟರು. ಒಬ್ಬ ರೋಗಿಯ ಚಿತ್ರದಲ್ಲಿ ನೂರಾರು ಹೋಳುಗಳಿರುತ್ತವೆ. ಇವೆಲ್ಲವನ್ನೂ ಸಮಾನವಾದ ಗಮನದಿಂದ ನೋಡುವುದು ಮನುಷ್ಯಸಾಧ್ಯವಲ್ಲ. ಆದುದರಿಂದ ನುರಿತ ವೈದ್ಯನು, ಮೊರದಲ್ಲಿ ಕೇರುವ ಗೃಹಿಣಿಯಂತೆ, ಕಣ್ಣಿನಿಂದಲೇ ಜೊಳ್ಳನ್ನು ತೂರಿ ಕಾಳನ್ನು ಉಳಿಸಿಕೊಳ್ಳುತ್ತಾನೆ. ನಾಳವು ಎಲ್ಲಿ ಕಿರಿದಾಗಿದೆ, ಎಲ್ಲಿ ಸುಣ್ಣ ಕಟ್ಟಿದೆ ಎಂಬುದೇ ಅವನಿಗೆ ಕಾಳು. ಸುತ್ತಲಿನ ಮಬ್ಬು ಕೊಬ್ಬು ಜೊಳ್ಳು. ಈ ಕೇರುವಿಕೆಯು ವಿದ್ಯೆಯ ಫಲ; ಅದೇ ವಿದ್ಯೆಯ ಮಿತಿಯೂ ಹೌದು. 2013ರಲ್ಲಿ ಪ್ರಕಟವಾದ ಅಮೇರಿಕದ ಒಂದು ಪರೀಕ್ಷೆಯಲ್ಲಿ, ಪುಪ್ಪುಸದ ಗಂಟುಗಳನ್ನು ಹುಡುಕುತ್ತಿದ್ದ 24 ಮಂದಿ ಚಿತ್ರಪರಿಣತ ವೈದ್ಯರ ಮುಂದೆ ಇಟ್ಟ ಸಿ.ಟಿ. ಹೋಳುಗಳಲ್ಲಿ ಗೊರಿಲ್ಲ ವಾನರದ ಚಿತ್ರವೊಂದನ್ನು ಸೇರಿಸಲಾಗಿತ್ತು. ಅದು ಸಾಧಾರಣ ಗಂಟಿನ 48ರಷ್ಟು ದೊಡ್ಡದು. 20 ಮಂದಿಗೆ ಅದು ಕಾಣಲೇ ಇಲ್ಲ. ಅವರಲ್ಲಿ ಹೆಚ್ಚಿನವರ ದೃಷ್ಟಿಯು ಅದರ ಮೇಲೆಯೇ ಬಿದ್ದು ಮುಂದೆ ಸರಿದಿದ್ದಿತು. ಅವರು ಅಜಾಗರೂಕರಾಗಿರಲಿಲ್ಲ. ಹುಡುಕುತ್ತಿದ್ದುದು ಗಂಟನ್ನು, ವಾನರವನ್ನಲ್ಲ.

ಗಣಕಯಂತ್ರಕ್ಕೆ ಮೊದಮೊದಲು ಮನುಷ್ಯನು ತನ್ನ ಮೊರವನ್ನೇ ಕೊಟ್ಟನು. 1990ರಲ್ಲಿ ಅಮೇರಿಕದ ಆರ್ಥರ್ ಆಗಟ್‌ಸ್ಟನ್ ಮತ್ತು ಅವನ ಸಂಗಡಿಗರು ಹೃದಯನಾಳಗಳ ಸುಣ್ಣವನ್ನು ಎಣಿಸುವ ಕ್ರಮವೊಂದನ್ನು ಗೊತ್ತುಮಾಡಿದರು. ಹೌನ್ಸ್‌ಫೀಲ್ಡ್ ಅಳತೆಯಲ್ಲಿ 130ನ್ನು ಮುಟ್ಟಿದುದು ಸುಣ್ಣ; ಅದರ ಕೆಳಗಿನದು ಲೆಕ್ಕಕ್ಕಿಲ್ಲ. ಸುಣ್ಣ ಎಷ್ಟು ಗಟ್ಟಿಯಾಗಿದೆಯೋ ಅದಕ್ಕೆ ತಕ್ಕಂತೆ 1ರಿಂದ 4ರವರೆಗೆ ತೂಕವನ್ನು ಕೊಟ್ಟು, ವಿಸ್ತಾರದಿಂದ ಗುಣಿಸಿ ಕೂಡಿಸಿದರೆ ಒಂದು ಅಂಕ ದೊರೆಯುವುದು. ಬಹಳ ಉಪಕಾರವಾದ ಅಂಕ, ಇಂದಿಗೂ ಬಳಕೆಯಲ್ಲಿದೆ. ಆದರೆ ಸುಣ್ಣ ಕಟ್ಟದ ಮೆತ್ತನೆಯ ಕೊಬ್ಬಿನ ಗಡ್ಡೆಯೂ ನಾಳದ ಗೋಡೆಯಲ್ಲಿ ಅಡಗಿದ್ದು ಒಡೆಯಬಲ್ಲುದು, ಅದಕ್ಕೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ.

ಈಚಿನ ಯಂತ್ರಕಲಿಕೆಯ ಹಾದಿ ಬೇರೆ. ಇಲ್ಲಿ ಯಂತ್ರಕ್ಕೆ ಸೂತ್ರವನ್ನು ಹೇಳಿಕೊಡುವುದಿಲ್ಲ. ಹಿಂದಿನ ಕೂಲಿಮಠಗಳಲ್ಲಿ ಹುಡುಗರು ಮರಳಿನ ಮೇಲೆ ಅಕ್ಷರವನ್ನು ತಿದ್ದಿ ತಿದ್ದಿ ಕಲಿತಂತೆ, ಅದು ಸಾವಿರಾರು ಚಿತ್ರಗಳನ್ನು ನೋಡಿ, ಒಂದೊಂದಕ್ಕೂ ತನ್ನ ಊಹೆಯನ್ನು ಹೇಳಿ, ವೈದ್ಯರು ಗುರುತುಮಾಡಿಟ್ಟ ಉತ್ತರದೊಡನೆ ಅದನ್ನು ಹೋಲಿಸಿ, ತಪ್ಪಿದಷ್ಟಕ್ಕೆ ತನ್ನೊಳಗಿನ ಅಸಂಖ್ಯ ತೂಕಗಳನ್ನು ಸ್ವಲ್ಪಸ್ವಲ್ಪವಾಗಿ ಸರಿಪಡಿಸಿಕೊಳ್ಳುತ್ತದೆ. ಕೆಲವೆಡೆಗಳಲ್ಲಿ ವೈದ್ಯರ ಗುರುತಿನ ಬದಲು ಕಾಲವೇ ಕೊಟ್ಟ ಉತ್ತರವನ್ನು ಅದಕ್ಕೆ ತೋರಿಸುವುದುಂಟು: ಈ ಚಿತ್ರದವನು ಐದು ವರ್ಷಗಳಾದಮೇಲೆ ಕ್ಷೇಮವಾಗಿದ್ದನು, ಆ ಚಿತ್ರದವನು ಇರಲಿಲ್ಲ. ಯಾವುದು ಕಾಳು, ಯಾವುದು ಜೊಳ್ಳು ಎಂದು ಅದಕ್ಕೆ ಯಾರೂ ಹೇಳಿರುವುದಿಲ್ಲ. ಅದಕ್ಕೆ ಎಲ್ಲ ಸಂಖ್ಯೆಗಳೂ ಸಮಾನ.

ಈ ಸಮದೃಷ್ಟಿಯ ಫಲವು ಆಕ್ಸ್‌ಫರ್ಡಿನಲ್ಲಿ ಕಂಡುಬಂದಿತು. ಅಲ್ಲಿ ಚರಲಾಂಬೋಸ್ ಆಂಟೋನಿಯಾಡಿಸ್ ಎಂಬ ಹೃದ್ರೋಗತಜ್ಞರ ಬಳಗವು, ಎಲ್ಲರೂ ಜೊಳ್ಳೆಂದು ಬಿಟ್ಟಿದ್ದ ಕೊಬ್ಬಿನ ಕಡೆಗೆ ತಿರುಗಿ ನೋಡಿತು. ನಾಳದ ಗೋಡೆಯಲ್ಲಿ ಉರಿಯೂತವಿದ್ದರೆ, ಅಲ್ಲಿಂದ ಹೊರಡುವ ರಾಸಾಯನಿಕ ಸಂಕೇತಗಳು ಸುತ್ತಲಿನ ಕೊಬ್ಬಿನ ಕಣಗಳನ್ನು ತುಂಬಿಕೊಳ್ಳದಂತೆ ತಡೆಯುತ್ತವೆ. ಅಲ್ಲಿ ಕೊಬ್ಬಿನ ಅಂಶ ಕಡಮೆಯಾಗಿ ನೀರಿನ ಅಂಶ ಹೆಚ್ಚುತ್ತದೆ. ಹೌನ್ಸ್‌ಫೀಲ್ಡನ ಅಳತೆಯಲ್ಲಿ ಕೊಬ್ಬು ಸೊನ್ನೆಗಿಂತ 190 ಕೆಳಗಿನಿಂದ 30 ಕೆಳಗಿನವರೆಗೆ ಹರಡಿರುವುದು. ಉರಿಯೂತವಿದ್ದೆಡೆ ಅದು ಮೇಲಕ್ಕೆ, ನೀರಿನ ಕಡೆಗೆ, ಸರಿಯುವುದು. ಕಣ್ಣಿಗೆ ಇದು ಬೂದಿಯಲ್ಲಿ ಬೂದಿ. ಸಂಖ್ಯೆಯಲ್ಲಿ ಸ್ಪಷ್ಟ. ಇದನ್ನು ಅವರು 2017ರಲ್ಲಿ ಪ್ರಕಟಿಸಿದರು. 2018ರಲ್ಲಿ ಜರ್ಮನಿಯ ಮತ್ತು ಅಮೇರಿಕದ ರೋಗಿಗಳ ಹಳೆಯ ಚಿತ್ರಗಳನ್ನು ಪರಿಶೀಲಿಸಿದಾಗ, ಈ ಗುರುತು ಇದ್ದವರಲ್ಲಿ ಹೃದ್ರೋಗದ ಮರಣವು ಹೆಚ್ಚೆಂಬುದು ತಿಳಿದುಬಂದಿತು. 2019ರಲ್ಲಿ ಯಂತ್ರಕಲಿಕೆಯ ಸಹಾಯದಿಂದ ಆ ಕೊಬ್ಬಿನ ಇನ್ನೂ ಸೂಕ್ಷ್ಮವಾದ ವಿನ್ಯಾಸಗಳನ್ನು ಓದಿದರು.

2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಎಂಟು ಆಸ್ಪತ್ರೆಗಳ ವರದಿಯೇ ವೈದ್ಯರ ನಿದ್ರೆಯನ್ನು ಕೆಡಿಸಿದುದು. ಹೃದಯದ ಸಿ.ಟಿ. ಮಾಡಿಸಿಕೊಂಡ 40,091 ಮಂದಿಯಲ್ಲಿ ನೂರಕ್ಕೆ ಸುಮಾರು 81 ಮಂದಿಗೆ ನಾಳವು ಕಟ್ಟಿರಲಿಲ್ಲ. ಅಂಥವರಲ್ಲಿ ಒಬ್ಬೊಬ್ಬನಿಗೂ ಇರುವ ಅಪಾಯವೇನೋ ಕಡಮೆಯೇ. ಆದರೆ ಅವರ ಸಂಖ್ಯೆ ದೊಡ್ಡದಾದುದರಿಂದ, ಮುಂದೆ ಹೃದ್ರೋಗದಿಂದ ಮರಣಹೊಂದಿದವರಲ್ಲಿ ಮೂರನೆಯ ಎರಡು ಪಾಲಿಗೆ ಸಮೀಪವಾದವರು ಈ "ಕಟ್ಟಿಲ್ಲ"ದ ಗುಂಪಿನವರೇ ಆಗಿದ್ದರು. ಅವರಲ್ಲಿ ಯಾರು ಯಾರೆಂಬುದನ್ನು ಕೊಬ್ಬಿನ ಗುರುತು ಬಹುಮಟ್ಟಿಗೆ ಬೇರ್ಪಡಿಸಿ ತೋರಿಸಬಲ್ಲುದೆಂದು ಆ ವರದಿ ಹೇಳಿತು. ಹಾಗಿರಲು "ಏನೂ ಇಲ್ಲ" ಎಂದು ಹೇಳಿ ಕಳುಹಿಸಿದ ಜನರ ಮುಖಗಳು ವೈದ್ಯರ ಕಣ್ಣಮುಂದೆ ಬಂದುದು ಆಶ್ಚರ್ಯವಲ್ಲ.

ಆದರೆ ಯಾವುದನ್ನೂ ಉಪೇಕ್ಷಿಸಲರಿಯದ ಗುಣವೇ ಯಂತ್ರದ ದೋಷವೂ ಆಗುವುದು. 2018ರಲ್ಲಿ ಅಮೇರಿಕದ ಸಂಶೋಧಕರು ಎದೆಯ ಕ್ಷ-ಕಿರಣಚಿತ್ರಗಳಿಂದ ನ್ಯುಮೋನಿಯವನ್ನು ಗುರುತಿಸಲು ಯಂತ್ರಕ್ಕೆ ಕಲಿಸಿ ಪರೀಕ್ಷಿಸಿದರು. ಕಲಿತ ಆಸ್ಪತ್ರೆಯಲ್ಲಿ ಅದು ಚೆನ್ನಾಗಿ ಉತ್ತರ ಹೇಳಿತು. ಹೊರಗಿನ ಆಸ್ಪತ್ರೆಯ ಚಿತ್ರಗಳಲ್ಲಿ ಹಲವು ಸಲ ಎಡವಿತು. ನೋಡಿದರೆ, ಎಡ ಬಲಗಳನ್ನು ಸೂಚಿಸಲು ಚಿತ್ರದ ಮೂಲೆಯಲ್ಲಿ ಇಡುವ ಲೋಹದ ಬಿಲ್ಲೆಯಂಥ ಗುರುತುಗಳಿಂದ ಅದು ಚಿತ್ರ ಯಾವ ಆಸ್ಪತ್ರೆಯದೆಂದು ತಿಳಿದುಕೊಂಡಿದ್ದಿತು. ಒಂದು ಆಸ್ಪತ್ರೆಯಲ್ಲಿ ಆ ರೋಗಿಗಳು ಹೆಚ್ಚು, ಇನ್ನೊಂದರಲ್ಲಿ ಕಡಮೆ. ಯಂತ್ರಕ್ಕೆ ಅಷ್ಟೇ ಸಾಕಾಯಿತು. ಕೊಬ್ಬಿನಲ್ಲಿ ಕಾಳನ್ನು ಕಂಡ ಕಣ್ಣೇ ಇಲ್ಲಿ ಲೋಹದ ಚೂರನ್ನು ಕಾಳೆಂದು ಎತ್ತಿಕೊಂಡಿತು. ಇಂಥ ಯಂತ್ರವನ್ನು ಕಲಿತ ನೆಲದಿಂದ ಬೇರೆ ನೆಲಕ್ಕೆ ತರುವಾಗ ಎಚ್ಚರ ಬೇಕೆಂಬುದು ಇದರಿಂದ ತಿಳಿಯುವುದು. ಆಕ್ಸ್‌ಫರ್ಡಿನ ಲೆಕ್ಕವು ಬಹುಪಾಲು ಯೂರೋಪು ಅಮೇರಿಕಗಳ ದೇಹಗಳ ಮೇಲೆ ಕಟ್ಟಿದುದು. ಭಾರತವೂ ಸೇರಿದ ದಕ್ಷಿಣ ಏಷ್ಯಾದಲ್ಲಾದರೋ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53, ಇತರ ದೇಶಗಳಲ್ಲಿ ಸುಮಾರು 59 ಎಂದು 2007ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನವೊಂದು ತಿಳಿಸಿದೆ. ಬೇರೆ ಮಣ್ಣಿನ ಬೆಳೆಗೆ ಹೊಂದಿಸಿದ ಜರಡಿಯಲ್ಲಿ ಇಲ್ಲಿಯ ಧಾನ್ಯವನ್ನು ಜರಡಿಹಿಡಿಯುವ ಮೊದಲು ಅದರ ಕಣ್ಣುಗಳ ಅಳತೆಯನ್ನು ನೋಡಿಕೊಳ್ಳುವುದು ಧರ್ಮ.

ಇಷ್ಟನ್ನೂ ಯೋಚಿಸುತ್ತಿದ್ದ ವೈದ್ಯರಿಗೆ ಬೆಳಗಿನ ಜಾವದಲ್ಲಿ ಇನ್ನೊಂದು ಸಂಗತಿ ಹೊಳೆಯಿತು. ಮೇಷ್ಟರಿಗೆ 52 ವರ್ಷ. ಅವರ ಹೆಂಡತಿ ಏನನ್ನೋ ಹೇಳಲು ಬಾಯಿ ತೆರೆದಿದ್ದರು. ಆ ಮಾತು ಚಿತ್ರದಲ್ಲಿ ಇರಲಿಲ್ಲ, ಎಂಥ ಯಂತ್ರವೂ ಅದನ್ನು ಅಲ್ಲಿಂದ ಹೆಕ್ಕಿ ತೆಗೆಯಲಾರದು. ಯಾರಾದರೂ ಕೇಳಿ ಬರೆದುಕೊಟ್ಟರೆ ಮಾತ್ರ ಅಂಥ ಸಂಗತಿಯು ಯಂತ್ರದ ಲೆಕ್ಕಕ್ಕೆ ಬರುವುದು. ಕೇಳಬೇಕಾಗಿದ್ದವರು ತಾವು, ಪರದೆಯ ಕಡೆ ನೋಡುತ್ತ "ಹೂಂ" ಎಂದು ಅದನ್ನು ಮೊರದಾಚೆಗೆ ತೂರಿದವರೂ ತಾವೇ.

ಮಾರನೆಯ ದಿನ ಹೇಳಿಕಳುಹಿಸಿದಾಗ ದಂಪತಿಗಳು ಗಾಬರಿಯಿಂದ ಬಂದರು. ವೈದ್ಯರು ಪರದೆಯನ್ನು ಆರಿಸಿ, ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡು, "ಹೆದರಬೇಡಿ, ಮೇಷ್ಟ್ರೇ. ನಾಳ ಕಟ್ಟಿಲ್ಲವೆಂದುದು ನಿಜ. ಏನೂ ಇಲ್ಲವೆಂದುದು ನನ್ನ ತಪ್ಪು, ಅಷ್ಟನ್ನು ಆ ಚಿತ್ರ ಹೇಳಿರಲಿಲ್ಲ" ಎಂದರು. ಆಮೇಲೆ ಆಕೆಯ ಕಡೆಗೆ ತಿರುಗಿ, "ನಿನ್ನೆ ನಿಮ್ಮ ಮಾವನವರ ವಿಷಯ ಹೇಳುತ್ತಿದ್ದಿರಿ, ಅಮ್ಮ. ನಾನು ಕೇಳಲಿಲ್ಲ. ಈಗ ಹೇಳಿ" ಎಂದರು. ಆಕೆ ಗಂಡನ ಮುಖವನ್ನು ಒಮ್ಮೆ ನೋಡಿ, "ಅವರಿಗೆ ಆಗ ನಲವತ್ತೊಂಬತ್ತು. ಗದ್ದೆಯ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಇವರ ಚಿಕ್ಕಪ್ಪನವರೂ ಹಾಗೇ ಹೋದರು. ಇವರು ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕೋದನ್ನ ಇನ್ನೂ ಬಿಟ್ಟಿಲ್ಲ" ಎಂದರು. ಮೇಷ್ಟರು ತಲೆ ತಗ್ಗಿಸಿದರು. ವೈದ್ಯರು ಒಂದೊಂದು ಮಾತನ್ನೂ ಬರೆದುಕೊಂಡರು. ರಕ್ತದ ಕೊಬ್ಬಿನ ಪರೀಕ್ಷೆಗೆ ಚೀಟಿ ಕೊಟ್ಟರು. ರಕ್ತದ ಒತ್ತಡವನ್ನು ಎರಡು ಬಾರಿ ನೋಡಿದರು. ತಿಂಗಳೊಳಗೆ ಮತ್ತೆ ಬರಬೇಕೆಂದು ಹೇಳಿದರು. ಹೊರಡುವಾಗ ಆ ತಾಯಿಯು ಗಂಡನ ಜುಬ್ಬದ ಜೇಬಿಗೆ ಕೈಹಾಕಿ, ಎಲೆಯಡಿಕೆಯ ಸಂಚಿಯನ್ನು ತೆಗೆದು, ಯಾರನ್ನೂ ಕೇಳದೆ ತಮ್ಮ ಚೀಲದೊಳಗೆ ಹಾಕಿಕೊಂಡರು.