ಬಾಳಿನ ಗುರಿ: ಭೋಜ ಗ್ರಾಮ ಕಲಿಸುವ ಪಾಠ

ಯಾವ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿಯೂ ಬಾರದ, ಆದರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಉತ್ತರಿಸಲೇಬೇಕಾದ ಪ್ರಶ್ನೆಯೊಂದುಂಟು: 'ನಾನು ಯಾವುದಕ್ಕಾಗಿ ಬಾಳಬೇಕು?' ಗಣಿತ, ವಿಜ್ಞಾನಗಳ ಪ್ರಶ್ನೆಗಳಿಗೆ ಗುರುಗಳು ಉತ್ತರ ಹೇಳಿಕೊಡಬಲ್ಲರು. ಈ ಪ್ರಶ್ನೆಯ ಎದುರಿನಲ್ಲಿ ಹುಡುಗನು ಒಂಟಿ. ಮನೆಯವರು ಡಾಕ್ಟರನಾಗೆನ್ನುತ್ತಾರೆ, ನೆಂಟರು ಸರಕಾರಿ ನೌಕರಿಯೇ ಲೇಸೆನ್ನುತ್ತಾರೆ, ಗೆಳೆಯರು ಪಟ್ಟಣದ ದಾರಿ ತೋರಿಸುತ್ತಾರೆ. ಇಷ್ಟೊಂದು ದನಿಗಳ ನಡುವೆ ತನ್ನ ಅಂತರಂಗದ ದನಿ ಯಾವುದೆಂದು ತಿಳಿಯದೆ ಆತನು ಕಳವಳಗೊಳ್ಳುವುದು ಸಹಜವೇ ಆಗಿದೆ.

ಹಿಂದೆ ಚಿಕ್ಕೋಡಿ ತಾಲೂಕಿಗೂ ಈಗ ನಿಪ್ಪಾಣಿ ತಾಲೂಕಿಗೂ ಸೇರಿದ ಭೋಜ ಗ್ರಾಮದ ವಿದ್ಯಾರ್ಥಿಗೆ ಈ ಕಳವಳ ಇನ್ನೂ ಹೆಚ್ಚಿನದು. ವೇದಗಂಗಾ ದೂಧಗಂಗೆಯರು ಕೂಡುವ ಈ ಸೀಮೆಯ ಕರಿ ಮಣ್ಣು ಕಬ್ಬು, ತಂಬಾಕುಗಳನ್ನು ಬೆಳೆಯುವ ಫಲವತ್ತಾದ ನೆಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಒಂದು ಕಡೆ ಕೊಲ್ಲಾಪುರ, ಇಚಲಕರಂಜಿಗಳು ಕೈಬೀಸಿ ಕರೆಯುತ್ತವೆ. ಇನ್ನೊಂದು ಕಡೆ ಬೆಳಗಾವಿ, ಧಾರವಾಡಗಳು. ಹೊಲ ಬಿಟ್ಟು ಹೋದರೆ ಮುಪ್ಪಿನ ತಂದೆತಾಯಿಗಳ ಗತಿಯೇನು? ಹೋಗದಿದ್ದರೆ ತನ್ನ ಬಾಳಿನ ಗತಿಯೇನು? ಈ ಎರಡು ಪ್ರಶ್ನೆಗಳ ಭಾರವನ್ನು ಹೊತ್ತುಕೊಂಡೇ ಆತನು ಶಾಲೆಯ ಮೆಟ್ಟಿಲು ಹತ್ತುತ್ತಾನೆ.

ಇದೇ ಪ್ರಶ್ನೆಗಳನ್ನು ಇದೇ ಊರಿನಲ್ಲಿ ಬಹುಹಿಂದೆ ಎದುರಿಸಿದ ತರುಣನೊಬ್ಬನಿದ್ದನು. ಭೀಮಗೌಡ ಪಾಟೀಲ ಮತ್ತು ಸತ್ಯವತಿ ದಂಪತಿಗಳ ಮಗ ಸಾತಗೌಡನು 1872ರಲ್ಲಿ ಜನಿಸಿದನು. ಶಾಲೆಯ ವಿದ್ಯೆ ಅಲ್ಪ. ಆ ಕಾಲದ ರೂಢಿಯಂತೆ ಬಾಲ್ಯದಲ್ಲಿಯೇ ವಿವಾಹವಾಯಿತು. ಬಾಲವಧು ಬೇಗನೆ ತೀರಿಕೊಂಡಳು. ಹದಿನೆಂಟರ ಹರೆಯದಲ್ಲಿ ಮರುಮದುವೆಯ ಮಾತು ಬಂದಾಗ ಆತನು ಒಪ್ಪಲಿಲ್ಲ. ಮನಸ್ಸು ವೈರಾಗ್ಯದ ಕಡೆಗೆ ತಿರುಗಿತ್ತು. ಆದರೆ ತಾವು ಬದುಕಿರುವವರೆಗೆ ಮನೆ ಬಿಡಬೇಡವೆಂಬುದು ಹೆತ್ತವರ ಇಚ್ಛೆಯಾಗಿತ್ತು. ಸಾತಗೌಡನು ನಿಂತನು.

ಒಂದೆರಡು ದಿನ ನಿಂತುದಲ್ಲ, ಇಪ್ಪತ್ತು ವರುಷಕ್ಕೂ ಮೇಲೆ ನಿಂತನು. ಈ ದೀರ್ಘಕಾಲವನ್ನು ಆತನು ಕಳೆದ ಬಗೆ ಮನನೀಯವಾದುದು. ಹೊಲದಲ್ಲಿ ದುಡಿದನು, ಮನೆಯ ಬಟ್ಟೆಯಂಗಡಿಯಲ್ಲಿ ಕುಳಿತನು. ಗಿರಾಕಿಗಳೇ ಬಟ್ಟೆ ಅಳೆದುಕೊಂಡು ಹಣವಿಟ್ಟು ಹೋಗುವಷ್ಟು ವಿಶ್ವಾಸ ಆ ಅಂಗಡಿಯಲ್ಲಿತ್ತೆಂದೂ, ಕಾಳು ತಿನ್ನಲು ಬಂದ ಹಕ್ಕಿಗಳನ್ನು ಆತನು ಓಡಿಸುತ್ತಿರಲಿಲ್ಲವೆಂದೂ, ಮುನಿಗಳು ಬಂದರೆ ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದನೆಂದೂ ಆತನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ತಂದೆತಾಯಿಗಳು ಕಾಲವಾದ ಬಳಿಕವೇ ಆತನು ದೀಕ್ಷೆಯ ದಾರಿ ಹಿಡಿದುದು. 1920ರ ಸುಮಾರಿಗೆ ದಿಗಂಬರ ಮುನಿಯಾಗುವ ಹೊತ್ತಿಗೆ ವಯಸ್ಸು ಐವತ್ತರ ಸಮೀಪಕ್ಕೆ ಬಂದಿತ್ತು. ಆ ಸಾತಗೌಡನೇ ಆಚಾರ್ಯ ಶಾಂತಿಸಾಗರರು. ಕ್ಷೀಣವಾಗಿದ್ದ ಮುನಿಪರಂಪರೆಗೆ ಅವರು ಮರುಜೀವ ಕೊಟ್ಟರು. ದಕ್ಷಿಣದಿಂದ ಉತ್ತರದವರೆಗೆ ಕಾಲ್ನಡಿಗೆಯಲ್ಲಿಯೇ ಸಂಚರಿಸಿದರು. ಶಾಲೆಯಲ್ಲಿ ಹೆಚ್ಚು ಕಲಿಯದ ಅವರ ಪ್ರೇರಣೆಯಿಂದಲೇ ಧವಲಾದಿ ಪ್ರಾಚೀನ ಸಿದ್ಧಾಂತಗ್ರಂಥಗಳು ತಾಮ್ರಪಟಗಳ ಮೇಲೆ ಕೊರೆಯಲ್ಪಟ್ಟವು. 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟರು.

ಧರ್ಮ ಬೇರೆಯಾದರೂ ಪಾಠ ಎಲ್ಲರದು. ಕರೆ ಬಂದೊಡನೆ ಓಡಿಹೋಗುವುದೇ ನಿಷ್ಠೆಯೆಂದು ತರುಣರು ಭಾವಿಸುತ್ತಾರೆ. ನಿಜವಾದ ಕರೆ ಕಾದರೆ ಬತ್ತಿಹೋಗುವುದಿಲ್ಲ. ಕಾಯುವ ಕಾಲದ ಕೆಲಸವೇ ಅದನ್ನು ಹದಗೊಳಿಸುತ್ತದೆ. ಅಂಗಡಿಯ ಗಜಕಡ್ಡಿಯಲ್ಲಿ ಸತ್ಯವನ್ನು ಸಾಧಿಸದವನು ಅರಣ್ಯದಲ್ಲಿ ಸಾಧಿಸುವುದೆಂತು? ಕಾಯಕದಲ್ಲಿಯೇ ಕೈಲಾಸವನ್ನು ಕಂಡ ಶರಣರ ನಾಡಿಗೆ ಈ ಮಾತು ಹೊಸದಲ್ಲ.

ಹಾಗೆಂದು ಎಲ್ಲರೂ ನಡುವಯಸ್ಸಿನವರೆಗೆ ಕಾಯಬೇಕೆಂದಲ್ಲ. ತಾರುಣ್ಯದಲ್ಲಿಯೇ ಗುರಿಯನ್ನು ಕಂಡುಕೊಂಡವರ ನಿದರ್ಶನವೂ ಇದೇ ಜಿಲ್ಲೆಯಲ್ಲಿದೆ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಜನ ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಪಂಡಿತಪ್ಪ ಚಿಕ್ಕೋಡಿ ಮೊದಲಾದ ಇವರನ್ನು ನಾಡು ಸಪ್ತರ್ಷಿಗಳೆಂದು ಗೌರವಿಸುತ್ತದೆ. ಪದವೀಧರರು ವಿರಳವಾಗಿದ್ದ ಆ ದಿನಗಳಲ್ಲಿ ಬಸವನಾಳ, ಸಾಖರೆಯವರಂಥ ವಿದ್ಯಾವಂತರಿಗೆ ದೊಡ್ಡ ಸರಕಾರಿ ಹುದ್ದೆ ದುರ್ಲಭವಾಗಿರಲಿಲ್ಲ. ಆದರೂ ಅವರು ಹಳ್ಳಿಯ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನೇ ಆರಿಸಿಕೊಂಡರು.

ಅವರ ಸಂಕಲ್ಪದ ಹಿಂದೆ ಹಿರಿಯರು ಹದಮಾಡಿಟ್ಟ ನೆಲವಿತ್ತು. 1883ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯೂ, 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜರು ವಿದ್ಯಾರ್ಥಿಗಳಿಗಾಗಿ ಮುಡಿಪಿಟ್ಟ ಆಸ್ತಿಯೂ ಬಡವರ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆದಿದ್ದವು. ಸಮಾಜದ ಅನ್ನವುಂಡು ಓದಿದವನು ಸಮಾಜಕ್ಕೆ ಅಕ್ಷರವನ್ನು ಹಿಂದಿರುಗಿಸಬೇಕೆಂಬ ಭಾವನೆ ಆ ತಲೆಮಾರಿನಲ್ಲಿ ಮೂಡಿದುದು ಆಶ್ಚರ್ಯವಲ್ಲ. ದಾಸೋಹವೆಂದರೆ ಇದೇ ಅಲ್ಲವೆ?

ಸಾತಗೌಡನು ಕಾದನು, ಸಪ್ತರ್ಷಿಗಳು ಕಾಯಲಿಲ್ಲ. ಆದರೂ ಎರಡೂ ಕಥೆಗಳ ಮೂಲಸೂತ್ರ ಒಂದೇ. 'ನನಗೇನು ಬೇಕು' ಎಂಬ ಪ್ರಶ್ನೆಯ ಜೊತೆಗೆ 'ನಾನು ಯಾರಿಗೆ ಋಣಿ' ಎಂಬ ಪ್ರಶ್ನೆಯನ್ನೂ ಅವರು ಕೇಳಿಕೊಂಡರು. ಒಬ್ಬನ ಋಣ ಹೆತ್ತವರದು, ಇನ್ನುಳಿದವರದು ಓದಿಸಿದ ಸಮಾಜದ್ದು. ಋಣದ ಅರಿವಿನಿಂದ ಗುರಿ ಕುಗ್ಗಲಿಲ್ಲ, ಗಟ್ಟಿಯಾಯಿತು.

ಆದುದರಿಂದ ಗುರಿ ಇನ್ನೂ ಸ್ಪಷ್ಟವಾಗಿಲ್ಲವೆಂದು ವಿದ್ಯಾರ್ಥಿಯು ನಾಚಬೇಕಾಗಿಲ್ಲ. ಕೈಯಲ್ಲಿರುವ ಇಂದಿನ ಕೆಲಸವನ್ನು ಶುದ್ಧವಾಗಿ ಮಾಡಿದರೆ ಸಾಕು. ಗುರುಗಳು ಆತನಿಗೆ ಬೇಗ ಆರಿಸಿಕೊಳ್ಳೆಂದು ಅವಸರಪಡಿಸದೆ, ಆತನ ಮೌನವನ್ನೂ ಆಲಿಸಬೇಕು. ದಾನಿಗಳು ತಾವು ಕೊಟ್ಟ ಕಾಸು ಕಟ್ಟಡವಾಗಿ ನಿಂತುದನ್ನು ಕಂಡು ಸಂತೋಷಪಡುವುದು ಉಚಿತವೇ. ಆದರೆ ಆ ಕಟ್ಟಡದೊಳಗೆ ಕುಳಿತ ಹುಡುಗನೊಬ್ಬನ ಎದೆಯಲ್ಲಿ 'ನಾನೂ ಒಂದು ದಿನ ಕೊಡಬೇಕು' ಎಂಬ ಭಾವ ಮೊಳೆತರೆ, ದಾನವು ಪೂರ್ಣಫಲ ಕೊಟ್ಟಂತೆ.

ಭೋಜದ ಬಳಿ ಕೂಡಿದ ಎರಡು ಹೊಳೆಗಳು ಮುಂದೆ ಕೃಷ್ಣೆಯನ್ನು ಸೇರುತ್ತವೆ. ಹರಿಯುವ ದಾರಿಯುದ್ದಕ್ಕೂ ಅವು ದಂಡೆಯ ಹೊಲಗಳಿಗೆ ನೀರುಣಿಸಿಯೇ ಸಾಗುತ್ತವೆ. ವಿದ್ಯಾರ್ಥಿಯ ಬಾಳೂ ಹಾಗೆಯೇ ಸಾಗಲಿ.